ಅರಿಯದೆ ಆದ ಕೇಡು, ಅರಿತ ಮೇಲಿನ ಮೌನ

ಕೊಲ್ಲುವ ಸಂಕಲ್ಪವಿಲ್ಲದೆ ಕೈಗೊಂಡ ಕಾರ್ಯದಿಂದ ಜೀವಿಗಳು ಮಡಿದರೆ ಅದರ ಹೊಣೆ ಯಾರದು? ಧರ್ಮಚಿಂತಕರನ್ನು ಪುರಾತನ ಕಾಲದಿಂದಲೂ ಕಾಡಿದ ಈ ಪ್ರಶ್ನೆಗೆ ಆಫ್ರಿಕಾದ ಒಂದು ಮೂಕಪ್ರಾಣಿಯ ಜೀವನವು ತಕ್ಕ ನಿದರ್ಶನವನ್ನು ಒದಗಿಸುತ್ತದೆ.

ವೈಲ್ಡ್‌ಬೀಸ್ಟ್ ಅಥವಾ ಗ್ನೂ ಎಂಬ ಈ ಪ್ರಾಣಿ ಹುಲ್ಲೆಗಳ ಬಳಗಕ್ಕೆ ಸೇರಿದುದು; ನೋಟಕ್ಕೆ ಮಾತ್ರ ದನವನ್ನು ಹೋಲುತ್ತದೆ. ದೊಡ್ಡ ಗಂಡು ಸುಮಾರು 250 ಕಿಲೋ ತೂಗುತ್ತದೆ. ಗಂಡು ಹೆಣ್ಣು ಎರಡಕ್ಕೂ ಕೊಂಬುಗಳುಂಟು. ಟಾಂಜಾನಿಯದ ಸೆರೆಂಗೆಟಿ ಬಯಲಿನಲ್ಲಿ ಬಹುಪಾಲು ಕರುಗಳು ವರ್ಷದ ಮೊದಲ ತಿಂಗಳುಗಳಲ್ಲಿ, ಎರಡು ಮೂರು ವಾರಗಳ ಅವಧಿಯೊಳಗೇ ಹುಟ್ಟುತ್ತವೆ. ಹುಟ್ಟಿದ ಕರು ಕೆಲವೇ ನಿಮಿಷಗಳಲ್ಲಿ ಎದ್ದು ನಿಂತು ತಾಯಿಯನ್ನು ಹಿಂಬಾಲಿಸುತ್ತದೆ. ಎಳೆಹುಲ್ಲು ಮತ್ತು ನೀರನ್ನರಸಿ ಸಾಗುವುದೇ ಇದರ ಬಾಳು. ಬರದಲ್ಲಿ ದಾರಿ ಮುಚ್ಚಿದರೆ ಇದಕ್ಕೆ ಅನ್ಯ ಗತಿಯಿಲ್ಲ.

ಅಂತಹ ದಾರಿಯೊಂದು ಮುಚ್ಚಿದ್ದು ಕಲಹಾರಿಯಲ್ಲಿ. ಇಂದಿನ ಬೋಟ್ಸ್ವಾನ ಬ್ರಿಟಿಷರ ಆಡಳಿತದಲ್ಲಿದ್ದಾಗ, 1958ರಲ್ಲಿ, ಕುಕೆ ಬೇಲಿಯನ್ನು ನಿರ್ಮಿಸಲಾಯಿತು. ಸಾಕುದನಗಳಿಗೆ ಕಾಲುಬಾಯಿ ರೋಗ ತಗಲದಂತೆ ತಡೆದು ಮಾಂಸದ ರಫ್ತನ್ನು ಕಾಪಾಡುವುದು ಅದರ ಉದ್ದೇಶ. 1960ರ ದಶಕದ ಬರದಲ್ಲಿ ಉತ್ತರದ ನೀರಿಗೆ ಹೊರಟ ಹಿಂಡುಗಳಿಗೆ ತಂತಿ ಅಡ್ಡವಾಯಿತು. ಬೇಲಿಯ ಗುಂಟ ನಡೆನಡೆದು ಅಸಂಖ್ಯ ಪ್ರಾಣಿಗಳು ಹಸಿವು ಬಾಯಾರಿಕೆಗಳಿಂದ ಬಿದ್ದು ಸತ್ತವು. 1983ರ ಬರದಲ್ಲಿ ಮತ್ತೆ ಹತ್ತಾರು ಸಾವಿರ ವೈಲ್ಡ್‌ಬೀಸ್ಟ್‌ಗಳು ಅಳಿದವು.

ಇದಕ್ಕೆ ಪ್ರತಿಯಾದ ಇನ್ನೊಂದು ಸಂಗತಿಯೂ ಉಂಟು. ದನಗಳ ದೊಡ್ಡರೋಗ ಸೆರೆಂಗೆಟಿಯ ಕಾಡುಪ್ರಾಣಿಗಳಿಗೂ ಹರಡಿತ್ತು. ಸುತ್ತಲಿನ ಸಾಕುದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದಲ್ಲಿ, ರೋಗ ಕಾಡಿನಿಂದಲೂ ತೊಲಗಿತು. 1961ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕದ ಕೊನೆಗೆ ಹದಿಮೂರು ಲಕ್ಷದಷ್ಟಾದವು. 2011ರಲ್ಲಿ ಆ ರೋಗವೇ ಭೂಮಿಯಿಂದ ಅಳಿಯಿತೆಂದು ಘೋಷಿಸಲಾಯಿತು.

ಎರಡೂ ಕಡೆ ಕಾಳಜಿ ಇದ್ದುದು ಸಾಕುದನಗಳ ಮೇಲೆ. ಕಾಡುಪ್ರಾಣಿ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಒಂದು ಕಡೆ ಅದು ಅಳಿಯಿತು, ಇನ್ನೊಂದು ಕಡೆ ಉಳಿಯಿತು. ಹಾಗಾದರೆ ಲಸಿಕೆ ಹಾಕಿದವನು ಪುಣ್ಯವಂತನೆ, ಬೇಲಿ ಹಾಕಿದವನು ಪಾಪಿಯೆ? ಫಲವೊಂದನ್ನೇ ನೋಡಿ ತೀರ್ಪು ಕೊಡುವುದು ನ್ಯಾಯವಲ್ಲ. ದನಗಾಹಿಯ ಜೀವನೋಪಾಯವನ್ನು ಕಾಯುವುದೂ ಸಣ್ಣ ಮಾತಲ್ಲ. ಸಂಕಲ್ಪವೊಂದನ್ನೇ ನೋಡಿದರೆ ಇಬ್ಬರೂ ಸಮಾನರು.

ಆದರೆ ಸಂಕಲ್ಪಕ್ಕೂ ಫಲಕ್ಕೂ ನಡುವೆ ಅರಿವೆಂಬುದೊಂದಿದೆ. 1958ರಲ್ಲಿ ಬೇಲಿಯ ಪರಿಣಾಮ ತಿಳಿದಿರಲಿಲ್ಲವೆಂದು ಒಪ್ಪೋಣ. ಮೊದಲ ಬರದ ಹೆಣಗಳು ಕಂಡ ಮೇಲೆ ಆ ಮಾತು ಸಲ್ಲದು. 1983ರ ಸಾವುಗಳಿಗೆ ಬರವೂ ಕಾರಣ, ನೀರಿನ ಬಳಿ ಬೆಳೆದ ಜನವಸತಿಯೂ ಕಾರಣ. ಆದರೂ ತಿಳಿದೂ ತೆರೆಯದ ದಾರಿ ಅಜ್ಞಾನವಲ್ಲ, ಪ್ರಮಾದ. ಆ ಪ್ರಮಾದದಲ್ಲಿ ಬೇಲಿ ಕಾದವನಷ್ಟೇ ಅಲ್ಲ, ಸಾವಿರಾರು ಮೈಲಿ ದೂರದಲ್ಲಿ ಸರಕನ್ನು ಕೊಂಡು ಅದರ ಹಿಂದಿನ ಕಥೆಯನ್ನು ಕೇಳದವನೂ ಪಾಲುದಾರನೇ.

ವ್ಯವಹಾರದಲ್ಲಿ ತೊಡಗಿದ ಪ್ರತಿಯೊಬ್ಬನೂ ಎಲ್ಲಿಯೋ ಒಂದು ಬೇಲಿಗೆ ತಂತಿ ಒದಗಿಸಿಯೇ ಇರುತ್ತಾನೆ. ಅದು ಬಹುಮಟ್ಟಿಗೆ ಅನಿವಾರ್ಯ. ಆದರೆ ಬೇಲಿಯಾಚೆ ಬಿದ್ದ ಜೀವ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅನಿವಾರ್ಯವಲ್ಲ. ಅದು ಅವನ ಆಯ್ಕೆ.