ಕಲಿಸಿದ ಮೇಲೆ ಕೈಬಿಡುವುದು

ತನ್ನ ನಾಡನ್ನು ತೊರೆದು ಪರನಾಡಿನಲ್ಲಿ ನೆಲೆಸಿ, ಅಲ್ಲಿನ ಮಕ್ಕಳಿಗೆ ಅವರದಲ್ಲದ ಭಾಷೆಯೊಂದನ್ನು ಕಲಿಸುವವನು ಅವರಿಗೆ ನಿಜವಾಗಿ ಏನನ್ನು ಕೊಡುತ್ತಾನೆ? ಅರಿವಿಲ್ಲದೆ ಅವರಿಂದ ಏನನ್ನಾದರೂ ಕಸಿದುಕೊಳ್ಳುತ್ತಾನೆಯೇ? ಇದು ಶಿಕ್ಷಕರ ಪ್ರಶ್ನೆ ಮಾತ್ರವಲ್ಲ. ಮಕ್ಕಳನ್ನು ಬೆಳೆಸುವ ಎಲ್ಲರ ಪ್ರಶ್ನೆ.

ನೆರೆಯ ಭೂತಾನದ ಚರಿತ್ರೆ ಈ ಚಿಂತನೆಗೆ ನೆರವಾಗುತ್ತದೆ. 1627ರಲ್ಲಿ ಯೇಸುಸಭೆಯ ಇಬ್ಬರು ಪೋರ್ಚುಗೀಸ್ ಗುರುಗಳು, ಕಸೆಲ್ಲ ಮತ್ತು ಕಬ್ರಾಲ್, ಹಿಮಾಲಯದ ಆ ನಾಡನ್ನು ಹೊಕ್ಕರು. ಶುಭಸಂದೇಶವನ್ನು ಸಾರುವುದೇ ಅವರ ಹಂಬಲವಾಗಿತ್ತು. ಬೌದ್ಧ ಅಧಿಪತಿ ಶಬ್‌ದ್ರುಂಗ್ ಅವರನ್ನು ಆದರದಿಂದ ಬರಮಾಡಿಕೊಂಡರು. ಆದರೆ ಧರ್ಮಸಭೆ ಅಲ್ಲಿ ಬೇರೂರಲಿಲ್ಲ. ಕೆಲವು ತಿಂಗಳುಗಳ ಬಳಿಕ ಅವರು ಟಿಬೆಟ್ಟಿನತ್ತ ಸಾಗಿದರು.

336 ವರ್ಷಗಳ ತರುವಾಯ, 1963ರಲ್ಲಿ, ಅದೇ ಸಭೆಯ ಕೆನಡಾದ ಗುರು ವಿಲಿಯಂ ಮ್ಯಾಕಿ ಭೂತಾನಕ್ಕೆ ಬಂದರು. ಈ ಬಾರಿ ಆ ನಾಡೇ ಅವರನ್ನು ಕರೆಸಿಕೊಂಡಿತ್ತು. ಶಾಲೆ ಕಟ್ಟಬೇಕು, ಮತಾಂತರಕ್ಕೆ ಕೈಹಾಕಬಾರದು ಎಂಬುದು ಕರೆಯ ಹಿಂದಿನ ತಿಳುವಳಿಕೆ. ಅದುವರೆಗೆ ಭೂತಾನದಲ್ಲಿ ವಿದ್ಯೆಯ ನೆಲೆ ಮುಖ್ಯವಾಗಿ ಬೌದ್ಧ ವಿಹಾರಗಳೇ. ಹೊರಜಗತ್ತಿನೊಡನೆ ವ್ಯವಹರಿಸಲು ಹೊರಟ ದೇಶ ತನ್ನ ಹೊಸ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವನ್ನು ಆರಿಸಿಕೊಂಡಿತು. ಭಾರತದಿಂದಲೂ ಅನೇಕ ಶಿಕ್ಷಕರು ಅಲ್ಲಿಗೆ ತೆರಳಿದರು. ಮ್ಯಾಕಿಯವರು ಪೂರ್ವದ ತ್ರಾಶಿಗಾಂಗ್‌ನಲ್ಲಿ ಪಾಠ ಆರಂಭಿಸಿದರು. ಮುಂದೆ 1968ರಲ್ಲಿ ಕಾಂಗ್ಲುಂಗ್‌ನಲ್ಲಿ ಶೆರುಬ್ತ್ಸೆ ಶಾಲೆ ತೆರೆಯಿತು. 1983ರಲ್ಲಿ ಅದು ಪದವಿ ಕಾಲೇಜಾಯಿತು. 1995ರಲ್ಲಿ ಅವರು ಥಿಂಫುವಿನಲ್ಲಿ ನಿಧನರಾದರು. ಅವರ ವಿದ್ಯಾರ್ಥಿಗಳು ಬೌದ್ಧರಾಗಿಯೇ, ಹಿಂದೂಗಳಾಗಿಯೇ ಬೆಳೆದು ದೇಶದ ಹೊಣೆ ಹೊತ್ತರು.

ಧರ್ಮವನ್ನು ಸಾರದ ಗುರು ತನ್ನ ಕರೆಯನ್ನು ಬದಿಗಿಟ್ಟಂತೆ ಆಗಲಿಲ್ಲವೇ? ಗುರುಮಠದ ದಿನಗಳಲ್ಲಿ ಇಂಥ ಪ್ರಶ್ನೆ ನನ್ನನ್ನೂ ಕಾಡಿತ್ತು. ಪ್ರಭು ಯೇಸು ಬೋಧಿಸುತ್ತಾ ಸಂಚರಿಸಿದ್ದು ಕೆಲವೇ ವರ್ಷ. ನಜರೇತಿನಲ್ಲಿ ಬಡಗಿಯಾಗಿ ಬಾಳಿದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಆ ಮೌನದ ವರ್ಷಗಳು ವ್ಯರ್ಥವಾದವೆಂದು ನಾವು ಎಂದೂ ಹೇಳುವುದಿಲ್ಲ. ಪವಿತ್ರಾತ್ಮರು ಇಳಿದು ಬಂದ ದಿನವನ್ನೂ ನೆನೆಯೋಣ. ಅಂದು ನೆರೆದವರೆಲ್ಲರೂ ಒಂದೇ ಭಾಷೆಯವರಾಗಲಿಲ್ಲ; ಪ್ರತಿಯೊಬ್ಬರಿಗೂ ಅವರವರ ನುಡಿಯಲ್ಲೇ ಸಂದೇಶ ಕೇಳಿಸಿತು. ದೇವರು ಕೊಡುವಾಗ ಪಡೆಯುವವನ ನುಡಿಯನ್ನು ಅಳಿಸುವುದಿಲ್ಲ. ಭೂತಾನದ ಶಾಲೆಗಳಲ್ಲಿ ಇಂಗ್ಲಿಷಿನ ಜೊತೆಗೆ ಜೊಂಖಾ ಭಾಷೆಯನ್ನೂ ಕಲಿಸುತ್ತಾರೆ ಎಂಬುದು ಈ ದೃಷ್ಟಿಯಿಂದ ಸಮಾಧಾನದ ಸಂಗತಿ.

ಆದರೂ ಪ್ರಶ್ನೆ ಅಲ್ಲಿಗೇ ಮುಗಿಯದು. ಇತ್ತೀಚಿನ ವರ್ಷಗಳಲ್ಲಿ ಭೂತಾನದ ಸಾವಿರಾರು ಯುವಜನರು ಓದು ಮತ್ತು ಉದ್ಯೋಗವನ್ನು ಅರಸಿ ಆಸ್ಟ್ರೇಲಿಯಕ್ಕೆ ತೆರಳುತ್ತಿದ್ದಾರೆ. ಹೋದವರಲ್ಲಿ ಶಿಕ್ಷಕರೂ ಇದ್ದಾರೆ. ದೇಶ ಕಟ್ಟಲೆಂದು ಕಲಿಸಿದ ಭಾಷೆಯೇ ದೇಶ ಬಿಡುವ ಬಾಗಿಲೂ ಆಗಿದೆ. ಬೆಟ್ಟದ ಹಳ್ಳಿಗಳಲ್ಲಿ ಉಳಿದ ತಂದೆತಾಯಿಯರ ಒಂಟಿತನ ಸಣ್ಣದಲ್ಲ. ಹಾಗಾದರೆ ಕಲಿಸಿದ್ದೇ ತಪ್ಪೇ?

ತಪ್ಪಲ್ಲವೆಂದೇ ನನ್ನ ನಂಬಿಕೆ. ಬಾಗಿಲು ತೆರೆದವನು, ಹೊರಗೆ ಹೋಗುವವನ ದಾರಿಯನ್ನು ತಾನೇ ನಿರ್ಧರಿಸಲಾರ. ಮಗು ನನ್ನ ಮತಕ್ಕೆ ಬರಲಿ ಎಂದು ಕಲಿಸಿದರೆ ಅದು ವ್ಯಾಪಾರ. ನನ್ನ ಬಳಿಯೇ ಇರಲಿ ಎಂದು ಕಲಿಸಿದರೂ ವ್ಯಾಪಾರವೇ. ದುಂದುಗಾರ ಮಗನ ತಂದೆ ಆಸ್ತಿಯನ್ನು ಹಂಚಿಕೊಟ್ಟ ಮೇಲೆ ಮಗನನ್ನು ತಡೆಯಲಿಲ್ಲ. ಆದರೆ ಅವನತ್ತ ಹೊರಳಿದ ಕಣ್ಣನ್ನು ದಾರಿಯಿಂದ ತೆಗೆಯಲೂ ಇಲ್ಲ.

ಪ್ರಿಯ ತಂದೆತಾಯಿಯರೇ, ನಿಮ್ಮ ಮಕ್ಕಳೂ ಇಂಗ್ಲಿಷ್ ಕಲಿಯುತ್ತಿದ್ದಾರೆ. ನಾಳೆ ದೂರ ಹೋಗಲೂಬಹುದು. ಅವರನ್ನು ಕಳುಹಿಸಿಕೊಡುವ ಧೈರ್ಯ ನಿಮಗಿರಲಿ. ಮರಳಿ ಬಂದಾಗ ಅಜ್ಜಿಯೊಡನೆ ಅಜ್ಜಿಯ ಮಾತಿನಲ್ಲೇ ಹರಟುವಷ್ಟು ಮನೆಮಾತು ಅವರಲ್ಲಿ ಉಳಿದಿರಲಿ. ಆ ಪಾಠವನ್ನು ಯಾವ ಶಾಲೆಯೂ ಕಲಿಸಲಾರದು. ಅದು ನಿಮ್ಮದೇ ಹೊಣೆ.