ಎರಡನೇ ಬಾಣ ಯಾರದು?

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ ಹುಡುಗಿಗೆ ದುಃಖವಾಗುವುದು ಸಹಜ. ಆದರೆ ಫಲಿತಾಂಶದ ದಿನ ಸಂಜೆ ‘ಗಣಿತ ಹೋಯಿತು’ ಎಂದಿದ್ದದ್ದು ರಾತ್ರಿ ‘ನನಗೆ ಏನೂ ಬರಲ್ಲ’ ಎಂದಾಗುತ್ತದೆ; ಬೆಳಗಾಗುವಷ್ಟರಲ್ಲಿ ‘ನಾನಿದ್ದು ಯಾರಿಗೇನು ಉಪಯೋಗ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಂಕಪಟ್ಟಿ ಹೇಳಿದ್ದು ಮೊದಲನೆಯದನ್ನು ಮಾತ್ರ.

ಪಾಳಿ ಬೌದ್ಧ ಗ್ರಂಥ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ, ಅಂದರೆ ಬಾಣದ ಸೂತ್ರದಲ್ಲಿ, ಬುದ್ಧ ಎತ್ತಿಕೊಳ್ಳುವುದು ಇದೇ ಸಂಗತಿಯನ್ನು. ನೋವು ಅಜ್ಞಾನಿಗೂ ತಪ್ಪದು, ಧರ್ಮ ಅರಿತ ಶಿಷ್ಯನಿಗೂ ತಪ್ಪದು. ಆದರೆ ಅಜ್ಞಾನಿ ಎದೆ ಬಡಿದುಕೊಂಡು ಗೋಳಾಡಿ, ಒಂದು ಬಾಣ ನಾಟಿದ ಬೆನ್ನಿಗೇ ಇನ್ನೊಂದನ್ನೂ ನಾಟಿಸಿಕೊಂಡವನಂತೆ ಮೈಯ ನೋವು, ಮನಸ್ಸಿನ ನೋವು ಎರಡನ್ನೂ ಉಣ್ಣುತ್ತಾನೆ. ಪಾರಾಗುವ ಬೇರೆ ದಾರಿ ತಿಳಿಯದೆ ಇಂದ್ರಿಯಸುಖದ ಕಡೆ ಓಡುತ್ತಾನೆ ಎಂದೂ ಸುತ್ತ ಸೇರಿಸುತ್ತದೆ. ಬೇಜಾರಾದಾಗಲೆಲ್ಲ ನಡುರಾತ್ರಿಯವರೆಗೆ ರೀಲ್ಸ್ ತಿರುವುವ ಮಕ್ಕಳನ್ನು ಕಂಡವರಿಗೆ ಈ ಮಾತು ಹಳೆಯದೆನಿಸದು.

ಅಮೆರಿಕದ ಮನೋವಿಜ್ಞಾನಿ ಸೂಸನ್ ನೋಲನ್-ಹೋಕ್ಸೆಮಾ ತಮ್ಮ ವೃತ್ತಿಜೀವನದ ಬಹುಭಾಗವನ್ನು ಹೀಗೆ ಕೊರಗನ್ನೇ ಮೆಲುಕು ಹಾಕುವ ಚಾಳಿಯ ಅಧ್ಯಯನಕ್ಕೆ ಕೊಟ್ಟರು. ಈ ಚಾಳಿ ಖಿನ್ನತೆಯನ್ನು ಉದ್ದ ಮಾಡುತ್ತದೆ, ಹದಿಹರೆಯದಿಂದಾಚೆಗೆ ಹುಡುಗಿಯರಲ್ಲಿ ಹೆಚ್ಚು ಕಾಣುತ್ತದೆ ಎಂಬುದು ಅವರ ವಾದ.

ಹಾಗಾದರೆ ತಪ್ಪು ಮಗುವಿನದೇ?

ಮನೆಯ ಹಿರಿಯರು ‘ಸುಮ್ಮನೆ ತಲೆ ಕೆಡಿಸ್ಕೋಬೇಡ’ ಎಂದು ಗದರುವಾಗ ಒಳಗಿರುವುದು ಈ ತೀರ್ಪೇ. ಸುತ್ತ ಅದನ್ನು ಒಪ್ಪುವುದಿಲ್ಲ: ಮೊದಲ ಬಾಣ ಸುಳ್ಳೆಂದು ಬುದ್ಧ ಎಲ್ಲಿಯೂ ಹೇಳಿಲ್ಲ. ಎರಡನೆಯದನ್ನು ತಪ್ಪಿಸಿಕೊಳ್ಳುವುದು ಕಲಿತು ಬರುವ ವಿದ್ಯೆ; ಕಲಿಸದೆ ಬೈಯುವುದು ಅನ್ಯಾಯ. ಅಲ್ಲದೆ ‘ಏನೂ ಬರಲ್ಲ’ ಎಂಬ ಮಾತು ಎಷ್ಟೋ ಸಲ ಹೊರಗಿನ ಬಾಯಿಂದಲೇ ಮಗುವಿನ ತಲೆಗೆ ಇಳಿದಿರುತ್ತದೆ. ಖಿನ್ನತೆ ತಾನೇ ಯೋಚನೆಯನ್ನು ಕಪ್ಪಾಗಿಸುವುದೂ ಉಂಟು. ಆಗ ಬೇಕಾದದ್ದು ಉಪದೇಶವಲ್ಲ, ಚಿಕಿತ್ಸೆ. ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು.

ಎಲ್ಲ ನೋವಿಗೂ ಮದ್ದು ಒಂದೇ ಅಲ್ಲ. ಮನೋವಿಜ್ಞಾನಿಗಳಾದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರ ತಮ್ಮ ಪುಸ್ತಕದಲ್ಲಿ ಕಷ್ಟ ಎದುರಿಸುವ ಎರಡು ಬಗೆಗಳನ್ನು ವಿಂಗಡಿಸಿದ್ದಾರೆ: ಸಮಸ್ಯೆಗೇ ಕೈ ಹಾಕುವುದು, ಇಲ್ಲವೇ ಸಮಸ್ಯೆ ಎಬ್ಬಿಸಿದ ಭಾವನೆಯನ್ನು ಸಂಭಾಳಿಸುವುದು. ಗಣಿತದ ಹುಡುಗಿ ಪರೀಕ್ಷೆಯನ್ನು ಮತ್ತೆ ಕಟ್ಟಬಹುದು. ತೀರಿಕೊಂಡ ಅಜ್ಜಿಗಾಗಿ ಅಳುವವಳು ಅಳಬೇಕು, ಪಕ್ಕದಲ್ಲಿ ಯಾರಾದರೂ ಕೂರಬೇಕು. ಆದರೆ ಹಾಸ್ಟೆಲಿನಲ್ಲಿ ದಿನವೂ ಜಾತಿ ಹಿಡಿದು ಹಂಗಿಸಿಕೊಳ್ಳುವ ಹುಡುಗನಿಗೆ ಯೋಚನೆ ತಿದ್ದಿಕೋ ಎನ್ನುವ ಮೊದಲು, ಹಂಗಿಸುವವರನ್ನು ತಡೆಯುವ ಕೆಲಸ ವಾರ್ಡನ್‌ನದು, ಶಿಕ್ಷಕರದು.