ನೋಟಕ್ಕೆ ಅಡ್ಡ ಬಂದವರು

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಲು ಧಾರವಾಡದಿಂದ ನಾವು ಕೆಲವು ಸಂಶೋಧನಾ ವಿದ್ಯಾರ್ಥಿಗಳು ಹೋಗಿದ್ದೆವು. ಗೋಡೆ, ಚಾವಣಿ ತುಂಬ ಚಿತ್ರಗಳು. ಇಟಲಿಯ ಜೆಸ್ವಿಟ್ ಬ್ರದರ್ ಆಂಟೊನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಬರೆದವು. ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು, ಒಣಗುತ್ತ ಬಣ್ಣ ಗೋಡೆಯೊಂದಿಗೆ ಒಂದಾಗುತ್ತದೆ ಎಂದು ಗೈಡ್ ಫ್ರೆಸ್ಕೊ ವಿಧಾನವನ್ನು ವಿವರಿಸುತ್ತಿದ್ದರು. ಮುಂದಿನ ಬೆಂಚಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಮಂಡಿಯೂರಿದ್ದರು. ಗೈಡ್ ದನಿ ತಗ್ಗಿಸಿದರು. ನಾನು ಮಾತ್ರ, ಇವರು ಬೇಗ ಎದ್ದರೆ ಹತ್ತಿರ ಹೋಗಿ ನೋಡಬಹುದಲ್ಲ ಎಂದು ಚಡಪಡಿಸುತ್ತಿದ್ದೆ.

ಮರಳುವ ಬಸ್ಸಿನಲ್ಲಿ ನೆನಪಾದದ್ದು ಹುಬ್ಬಳ್ಳಿಯ ಉಣಕಲ್. ಅಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು. ನನ್ನ ಸಂಶೋಧನೆಗೂ ಸೇರಿದ್ದು. ಎರಡು ವರ್ಷದ ಹಿಂದೆ ಅಜ್ಜಿಯ ಜೊತೆ ಹೋಗಿದ್ದೆ. ಅಜ್ಜಿ ಬಾಗಿಲಲ್ಲಿ ಕೈಮುಗಿದು ನಿಂತಿದ್ದಾಗ ಕ್ಯಾಮೆರಾ ಹಿಡಿದವರೊಬ್ಬರು, ಬಾಗಿಲವಾಡದ ಕೆತ್ತನೆ ಪೂರ್ತಿ ಸಿಗಲೆಂದು, ಸರಿಯುವಂತೆ ಕೈಸನ್ನೆ ಮಾಡಿದರು. ನನಗೆ ಸಿಟ್ಟು ಬಂತು. ಅಜ್ಜಿ ಸರಿದು ನಿಂತು, "ಇರ್ಲಿ ಬಿಡವಾ, ಅವ್ರೂ ನೋಡಾಕ ಬಂದಾರ" ಅಂದಳು. ಮಂಗಳೂರಿನಲ್ಲಿ ನಾನು ಕೈಸನ್ನೆ ಮಾಡಲಿಲ್ಲ, ಅಷ್ಟೇ ವ್ಯತ್ಯಾಸ.

ನಂಬದವರು ನೋಡಲೇಬಾರದು ಎಂದು ನಾನು ಹೇಳಲಾರೆ. ಹಾಗಿದ್ದರೆ ನನ್ನ ಓದೇ ನಿಲ್ಲುತ್ತದೆ. ಗುಡಿಯನ್ನು ಅಳೆದು, ಶಾಸನ ಓದಿ, ಉಳಿಸಿದವರಲ್ಲಿ ಎಲ್ಲರೂ ಭಕ್ತರಲ್ಲ. ಮೊಸ್ಕೇನಿಯ ಚಿತ್ರಗಳೂ ನೋಡಲೆಂದೇ ಬರೆದವು. ನನ್ನನ್ನು ಕಾಡುವುದು ಬೇರೆ: ಅಷ್ಟು ಸುಲಭವಾಗಿ ಒಬ್ಬ ಮನುಷ್ಯಳು ನನಗೆ ಅಡ್ಡಿಯಾಗಿ ಕಂಡದ್ದು ಹೇಗೆ?

ಇಟಲಿಯ ರವೆನ್ನಾದಲ್ಲಿ ಆದಿಕಾಲದ ಕ್ರೈಸ್ತ ಮೊಸಾಯಿಕ್‌ಗಳಿವೆ. ಗಾಜು, ಕಲ್ಲಿನ ಬಣ್ಣದ ಚೂರುಗಳನ್ನು ಗಾರೆಯಲ್ಲಿ ಕೂರಿಸಿದ ಚಿತ್ರಗಳು. ನಾನು ಕಂಡಿರುವುದು ಪುಸ್ತಕದಲ್ಲಿ ಮಾತ್ರ. ಅಲ್ಲಿನ ಸಂತ ಅಪೊಲ್ಲಿನಾರೆ ನ್ಯೂವೊ ಚರ್ಚನ್ನು 6ನೇ ಶತಮಾನದಲ್ಲಿ ಕಟ್ಟಿಸಿದ ದೊರೆ ಥಿಯೊಡೊರಿಕ್ ಏರಿಯನ್ ಪಂಥದವನು. ಅವನ ನಂತರ ಚರ್ಚು ಎದುರು ಪಂಥದವರ ಕೈಸೇರಿತು. ಅವರು ಅರಮನೆಯ ಚಿತ್ರದಲ್ಲಿ ಕಂಬಗಳ ನಡುವೆ ಇದ್ದ ಜನರನ್ನು ಕಿತ್ತು, ಆ ಜಾಗದಲ್ಲಿ ಪರದೆಗಳನ್ನು ಕೂರಿಸಿದರು. ಆದರೆ ಕಂಬಗಳ ಮೇಲೆ ಬಂದಿದ್ದ ಕೆಲವು ಕೈಗಳು ಹಾಗೇ ಉಳಿದವು. ಇಂದಿಗೂ ಇವೆ, ಮೈಯಿಲ್ಲದ ಕೈಗಳು.

ಅವರಿಗೆ ಬೇಕಿದ್ದದ್ದು ತಮ್ಮ ನಂಬಿಕೆಗೆ ತಕ್ಕ ಗೋಡೆ. ಕ್ಯಾಮೆರಾದವರಿಗೆ ಬೇಕಿದ್ದದ್ದು ಪೂರ್ತಿ ಬಾಗಿಲವಾಡ. ನನಗೆ ಬೇಕಿದ್ದದ್ದು ಫ್ರೆಸ್ಕೊ. ಭಕ್ತಿಯಿಂದಲೋ ಕಲೆಯ ಮೇಲಿನ ಪ್ರೀತಿಯಿಂದಲೋ, ಮೂವರೂ ಮೊದಲು ತೆಗೆಯಲು ಬಯಸಿದ್ದು ಅಲ್ಲಿದ್ದ ಮನುಷ್ಯರನ್ನು.

ಚಾಪೆಲ್ಲಿನ ಬಗ್ಗೆ ನಾನು ಬರೆದುಕೊಂಡ ಟಿಪ್ಪಣಿ ಮೂರು ಪುಟ ಇದೆ. ಗಾರೆ, ಬಣ್ಣ, ವರ್ಷ ಎಲ್ಲ ಇವೆ. ಮಂಡಿಯೂರಿದ್ದ ಆ ಹೆಂಗಸಿನ ಬಗ್ಗೆ ಒಂದು ಸಾಲೂ ಇಲ್ಲ. ಉಣಕಲ್ಲಿನ ಅಧ್ಯಾಯವನ್ನೂ ತೆಗೆದು ನೋಡಿದೆ. ಅದರಲ್ಲಿ ಅಜ್ಜಿಯಂಥವರು ಯಾರೂ ಇರಲಿಲ್ಲ.